ಮರಿಯಮ್ಮನ ಪಾದಕ್ಕೆ ಕಡಲ ಬಯಲು

ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದ ಹಿಂದಿನ ದಿನ, ಐರ್ಲೆಂಡಿನ ಲೆಟರ್‌ಕೆನ್ನಿಯ ಚರ್ಚಿನಲ್ಲಿ ಮಕ್ಕಳೆಲ್ಲ ಬಾಲಮರಿಯಮ್ಮನಿಗೆ ಹೂವು ಅರ್ಪಿಸುತ್ತಿದ್ದಾಗ, ಜೆಸಿಂತಾ ಮಗಳ ಬುಟ್ಟಿ ನೋಡಿ ಬೆಚ್ಚಿದಳು. ಅದರಲ್ಲಿ ಒಂದು ಎಸಳೂ ಇರಲಿಲ್ಲ.

“ಏನಮ್ಮಾ ಶೆರಿನ್, ಹೂವೆಲ್ಲ ಮೊಲ ತಿಂತಾ?” ಹಿಂದೆ ನಿಂತಿದ್ದ ಸಿಪ್ರಿಯನ್ ಚುಡಾಯಿಸಿದ.

“ನಾನೇ ಕೀಳ್ಲಿಲ್ಲ ಅಂಕಲ್. ಬೀಚ್ ಪಕ್ಕದ ಹುಲ್ಲಲ್ಲಿ ಅವು ಇನ್ನೂ ಬೀಜ ಬಿಡ್ಬೇಕು. ಅಲ್ಲೇ ಗ್ರ್ಯಾಂಡ್ ಆಗಿವೆ.”

ಜೆಸಿಂತಾಳಿಗೆ ನಾಚಿಕೆಯಾಯಿತು. ಇಷ್ಟು ಜನರೆದುರು ಮಗಳು ಮಾತೆಯ ಮುಂದೆ ಬರಿಗೈಯಲ್ಲಿ ನಿಲ್ಲುವುದೇ? ಮುಡಿದ ಗುಲಾಬಿಯನ್ನೇ ತೆಗೆದುಕೊಡಲು ಕೈಯೆತ್ತಿದಳು. ಅಷ್ಟರಲ್ಲಿ ಶೆರಿನ್, ಬೆಳಗ್ಗೆಯಿಂದ ಆ ಕಡಲ ಬಯಲಿನ ಪರಿಮಳದ ಕಾಡುಥೈಮ್ ಗಿಡಗಳನ್ನು ನೇವರಿಸಿದ್ದ ಅಂಗೈಗಳನ್ನು ಪುಟ್ಟ ಮೂರ್ತಿಯ ಪಾದಗಳಿಗೆ ಮೆಲ್ಲಗೆ ಸವರಿದಳು. ಹಸಿ ಘಮ ಸುತ್ತ ಹರಡಿತು. ಗುಲಾಬಿಯತ್ತ ಹೊರಟಿದ್ದ ತಾಯಿಯ ಕೈ ಹಣೆ ಮುಟ್ಟಿ, ಶಿಲುಬೆಯ ಗುರುತಾಗಿ ಇಳಿಯಿತು.