ಬಂಗಾರ ಅಂತ ಕರೆಸಿಕೊಂಡವಳು

ಮೊಮ್ಮಗ ಹುಟ್ಟಿದ ಖುಷಿಗೆ ಊರಿಗೆಲ್ಲ ಸಕ್ಕರೆ ಹಂಚಿ ಬಂದು ಅವನಿಗೆ ಸಾಂಬ್ರಾಣಿ ಹೊಗೆ ಹಿಡಿದರೆ, ಮೂವತ್ತೈದು ವರ್ಷದ ಹಿಂದಿನ ನನ್ನ ತವರು ಅರಕೆರೆಯ ಬಚ್ಚಲುಮನೆ ಕಂಡುಬಿಡ್ತು.

ನನಗಾಗ ಏಳು ವರ್ಷ. ಅಜ್ಜಿ ಚಾಚಿದ ಕಾಲ ಮೇಲೆ ಎಳೆಗೂಸು ತಮ್ಮನನ್ನು ಮಲಗಿಸಿ ಹರಳೆಣ್ಣೆ ತಿಕ್ಕುತ್ತಾ, "ನನ್ ಬಂಗಾರ ಕಣ್ಲಾ ನೀನು" ಅಂದಳು. ಅಲ್ಲೀತನಕ ಬಂಗಾರ ಅಂದರೆ ನಾನೇ. ಬಗ್ಗಿ ಅವನ ಕಿವಿ ಕಚ್ಚಿದೆ. ಬಾಯಿಗೆ ರಕ್ತ ಬಂದರೂ ಬಿಡಲಿಲ್ಲ.

ಅವ್ವ ಸೌದೆ ತಂದು ಬೆನ್ನಿಗೆ ಬಾರಿಸಿದಳು. "ಕೂಸ್ನ ಕೊಂದ್ಬುಡ್ತೀಯೇನೇ, ರಾಕ್ಷಸಿ?" ಸೌದೆ ಮುರಿದರೂ ನಿಲ್ಲಿಸಲಿಲ್ಲ.

"ಬುಡೇ, ಹೆಣ್ಮಗ ಸತ್ತೋಯ್ತದೆ!" ಅಂತ ಅಜ್ಜಿ ತಮ್ಮನನ್ನು ಅವ್ವನ ಕೈಗಿಟ್ಟು, ನನ್ನ ಜಡೆ ಹಿಡಿದೆಳೆದು ಅದೇ ಕಾಲ ಮೇಲೆ ಕೆಡವಿಕೊಂಡಳು. "ಎಸ್ಟುದ್ದ ಬೆಳ್ದಿದ್ದೀಯೆ, ನನ್ ಬಂಗಾರ" ಅಂತ ಬಾಸುಂಡೆಗೆ ಎಣ್ಣೆ ಸವರಿದಳು.

ಅಷ್ಟು ಏಟಿಗೂ ಬಾರದ ಅಳು ಆಗ ಬಂತು.