ಉಬ್ಬು ಯಾವ ಕಡೆ?

ಐಟಿಐಯಲ್ಲಿ ಇಪ್ಪತ್ತಾರು ವರ್ಷ ಕ್ಲಚ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಕೆಟ್ಟುನಿಂತ ತಮ್ಮ ಪುಟ್ಟ ಟ್ರ್ಯಾಕ್ಟರನ್ನು ತಾವೇ ನಡುವಿಗೆ ಬಿಚ್ಚಿದರು. ಹೊಸ ಕ್ಲಚ್ ಪ್ಲೇಟ್ ಹಾಕಿ, ಎರಡು ದಿನ ಹೆಣಗಿ ಮತ್ತೆ ಜೋಡಿಸಿದರು. ಸ್ಟಾರ್ಟ್ ಮಾಡಿ ಪೆಡಲ್ ಪೂರ್ತಿ ತುಳಿದರೂ ಕ್ಲಚ್ ಬಿಡಲಿಲ್ಲ. ಗೇರು ಕರಕರ ಹಲ್ಲು ಕಡಿಯಿತು.

"ಗ್ಯಾರೇಜಿನ ಹಾಲೇಶನ್ನ ಕರೀರಿ," ಎಂದರು ಹೆಂಡತಿ.

"ನನ್ನ ಹತ್ರ ಕಲಿತ ಹುಡುಗನ್ನ ನಾನೇ ಕರೆಯೋದಾ? ನನ್ನ ಮರ್ಯಾದೆ ಏನಾಗ್ಬೇಕು?"

"ಟ್ರ್ಯಾಕ್ಟರಿಗೂ ನಿಮ್ಮದೇ ಕಾಯಿಲೆ ಕಣ್ರೀ. ಹಿಡಿದಿದ್ದು ಬಿಡಲ್ಲ," ಎಂದು ಆಕೆಯೇ ಫೋನ್ ಮಾಡಿದರು.

ಹಾಲೇಶ ಬಂದು, ಟ್ರ್ಯಾಕ್ಟರನ್ನು ಮತ್ತೆ ಎರಡು ಹೋಳು ಮಾಡಿ ಒಳಗೆ ಇಣುಕಿದ.

"ಸಾರ್, ಪ್ಲೇಟಿನ ನಡುವಿನ ಉಬ್ಬು ಇಂಜಿನ್ ಕಡೆಗೈತೆ."

"ಇರಬೇಕಾದ್ದೇ ಆ ಕಡೆ. ನಾನು ಪಾಠ ಮಾಡಿದ್ದು ಮರೆತೆಯೇನೋ?"

"ಎಲ್ಲಿ ಮರೀತೀನಿ ಸಾರ್," ಎಂದ ಹಾಲೇಶ ಪ್ಲೇಟನ್ನು ಮಗುಚಿ, ಉಬ್ಬನ್ನು ಗೇರ್‌ಬಾಕ್ಸ್ ಕಡೆಗೆ ಕೂರಿಸಿ, ಸಂಜೆಯೊಳಗೆ ಬೋಲ್ಟೆಲ್ಲ ಬಿಗಿದ. ಈ ಸಲ ಪೆಡಲ್ ತುಳಿದರೆ ಗೇರು ಸದ್ದಿಲ್ಲದೆ ಬಿತ್ತು. ಹೆಂಡತಿ ಕೊಟ್ಟ ಕಾಫಿಯ ಲೋಟದಿಂದ ಕಣ್ಣೆತ್ತದೆ ಮೇಷ್ಟ್ರು ಕೇಳಿದರು.

"ನಾನು ಹೇಳಿಕೊಟ್ಟಿದ್ದು ತಪ್ಪು ಅಂತ ನಿಂಗೆ ಯಾವಾಗ ಗೊತ್ತಾಯ್ತಪ್ಪ?"

"ಆವಾಗ್ಲೇ ಸಾರ್. ಪರೀಕ್ಷೇಲೂ ಹಿಂಗೇ ಹಾಕಿದ್ದೆ. ಅದಕ್ಕೇ ಅಲ್ವಾ ನೀವು ನನ್ನ ಫೇಲ್ ಮಾಡಿದ್ದು?"