ಹೊಂಗೆ ಮರದ ಕೆಂಪು ದೀಪ

“ತಿಲಕ, ನೀನು ಸುಮ್ನೆ ಕೂತ್ಕೊಳಪ್ಪ. ಇಂಗಾಲ ಅಂದ್ರೇನು ಅಂತ ನಿಂಗೆ ತಿಳಿಸೋ ಹೊತ್ಗೆ ನೆಟ್ಟ ತೆಂಗಿನಸಸಿ ಫಲ ಬಿಟ್ಟಿರ್ತದೆ.”

ಗ್ರಾಮಸಭೆಯಲ್ಲಿ, ಇಡೀ ಊರಿನೆದುರು ಜ್ಞಾನೇಶ್ ಹಾಗೆಂದ. ಜನ ಗೊಳ್ಳೆಂದು ನಕ್ಕರು.

“ಇಂಗಾಲನಾ? ಅದನ್ನ ಕೈಯಾಗೆ ಹಿಡ್ದು ಬೆಳೆದೋನು ಕಣ್ಲಾ ನಾನು!” ತಿಲಕ್ ಮಸಿ ಹತ್ತಿದ ಅಂಗೈ ಎತ್ತಿ ತೋರಿಸಿದ. ಜನ ಇನ್ನೂ ಜೋರಾಗಿ ನಕ್ಕರು. ನಯನಳೂ ನಕ್ಕಳು. ಉಳಿದವರ ನಗೆಯನ್ನು ಅವನು ನುಂಗಿಕೊಂಡ. ಅವಳದನ್ನು ನುಂಗಲಾಗಲಿಲ್ಲ.

ಏಳನೇ ತರಗತಿಗೇ ಶಾಲೆ ಬಿಟ್ಟವನು ತಿಲಕ್. ಗುಂಡಿಯಲ್ಲಿ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡಿ ಮಾರುತ್ತಿದ್ದ. ಊರನ್ನು ಹೊಗೆಮುಕ್ತ ಮಾಡುತ್ತೇವೆಂದು ಅದೇ ಸಭೆಯಲ್ಲಿ ಪಂಚಾಯಿತಿ ಠರಾವು ಮಾಡಿದ್ದೇ ತಡ, ಮೊದಲು ಮುಚ್ಚಿಸಿದ್ದು ಅವನ ಗುಂಡಿ. ಆಮೇಲೆ ಕೊಬ್ಬರಿ ಅಟ್ಟಗಳ ಸರದಿ. ಮಳೆಗಾಲದಲ್ಲಿ ಅಟ್ಟದ ಕಾಯಿ ಥಂಡಿ ಹಿಡಿದು ಕೊಳೆಯಬಾರದೆಂದು ತಾತಂದಿರ ಕಾಲದಿಂದ ಕೆಳಗೆ ತೆಂಗಿನ ಮಟ್ಟೆಯ ಹೊಗೆ ಹಾಕುತ್ತಿದ್ದರು. ಇನ್ನು ಅದೂ ಕೂಡದು. ಹೊಗೆ ತಾಗಿದರೆ ದೀಪ ಕೆಂಪಾಗುವ ಪೆಟ್ಟಿಗೆಗಳು ಊರಿಗೆ ಬಂದವು. ಹವಾಮಾನ ಸಮಿತಿಗೆ ಜ್ಞಾನೇಶ್ ಮುಖ್ಯಸ್ಥನಾದ. ಪೆಟ್ಟಿಗೆಗಳ ಉಸ್ತುವಾರಿ ನಯನಳಿಗೆ ಸಿಕ್ಕಿತು.

ನಯನ ತಿಲಕನ ಸೋದರಮಾವನ ಮಗಳು. ಅವನು ಮದುವೆಯ ಮಾತೆತ್ತಿದಾಗ ಹೇಳಿದ್ದಳು: “ಗೌರಿಹಬ್ಬಕ್ಕೆ ಹೇಳ್ತೀನಿ ಬಾವ. ಅಲ್ಲಿಗಂಟ ನನ್ನ ಹಿಂದೆ ಬಂದು ಕಾವಲು ಕಾಯಬ್ಯಾಡ. ನಂಬದೇ ಇರೋನ ಜೊತೆ ನಾನು ಬಾಳಲ್ಲ.”

ದೇವರ ಮೇಲೆ ಆಣೆಯಿಟ್ಟು ಒಪ್ಪಿದ್ದ.

ಜ್ಞಾನೇಶನ ತೋಟಕ್ಕೆ ಪೆಟ್ಟಿಗೆ ಕಟ್ಟಲು ಅವಳು ಹೊರಟ ಸಂಜೆಯೇ ಆಣೆ ಮುರಿಯಿತು. ಬೇಲಿಯ ಹೊಂಗೆ ಮರಕ್ಕೆ ಪೆಟ್ಟಿಗೆ ಕಟ್ಟಿ ಅವಳು ಒಳಗೆ ಹೋದಳು. ತಿಲಕ್ ಬಂದು ಮರದ ಮರೆಗೆ ನಿಂತ. ಕೊಬ್ಬರಿ ಅಟ್ಟದ ಮನೆಯ ಜಗಲಿಯಲ್ಲಿ ಜ್ಞಾನೇಶ್ ಏನೋ ಹೇಳುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು. ಊರವರು ಮುಚ್ಚಿಸಿದ ಗುಂಡಿ ತಿಲಕನ ಹೊಟ್ಟೆಯೊಳಗೆ ಮತ್ತೆ ಹತ್ತಿಕೊಂಡಿತು. ಬೀಡಿ ಕಚ್ಚಿಕೊಂಡು, ಕಣ್ಣು ಕೀಳದೆ ನಿಂತ.

ಮಾರನೆಯ ಸಂಜೆಯೂ ಅವಳು ಬಂದಳು. ಅದರಾಚೆ ಸಂಜೆಯೂ. ಅವಳು ಎಷ್ಟು ಸಲ ಬಂದಳೋ ಅಷ್ಟು ಸಲ ಇವನೂ ಬಂದ. ಗುರುವಾರ ಮಾತ್ರ ಹುಳಿಯಾರು ಸಂತೆಯಲ್ಲಿ ಹೊತ್ತಾಗಿ ಕಾವಲು ತಪ್ಪಿತು. ಆ ಸಂಜೆ ಒಳಗೆ ಏನೇನು ನಡೆಯಿತೋ ಎಂದು ನೆನೆದು ರಾತ್ರಿ ಮುದ್ದೆಯ ತಟ್ಟೆಯನ್ನು ಹಾಗೇ ಪಕ್ಕಕ್ಕೆ ತಳ್ಳಿದ.

ಶನಿವಾರ ಯಾಕೋ ತಲೆಯೆತ್ತಿದ. ಪೆಟ್ಟಿಗೆಯ ದೀಪ ಕೆಂಪಗೆ ಉರಿಯುತ್ತಿತ್ತು!

ಅಟ್ಟದ ತುಂಬ ಕಾಯಿ. ಹೊರಗೆ ಬಿಡದ ಸೋನೆ. ಊರಿಗೆಲ್ಲ ಬುದ್ಧಿ ಹೇಳುವವನು ಕದ್ದು ಹೊಗೆ ಹಾಕುತ್ತಿದ್ದಾನೆ. ಅದನ್ನು ಮುಚ್ಚಿಡಲು ನಯನಳ ಸಹಾಯ. ತಿಲಕನಿಗೆ ಅಂದು ಗಡದ್ದಾಗಿ ನಿದ್ದೆ ಬಂತು.

ಬೆಳಗ್ಗೆ ಪಂಚಾಯಿತಿ ಅಧ್ಯಕ್ಷೆ ಸುನಂದಮ್ಮನನ್ನೂ ಅರ್ಧ ಊರನ್ನೂ ತೋಟಕ್ಕೆ ಎಳೆತಂದ.

“ದಾರೀಲಿ ಹೋಗೋವಾಗ ಕಂಡೆ ಕಣ್ರೀ, ದೀಪ ಕೆಂಪಗಿತ್ತು. ತೆಗೆಸ್ರೀ ಬಾಗ್ಲ! ಈ ಸಾಚಾನ ಬಣ್ಣ ಎಲ್ರೂ ನೋಡ್ಲಿ.”

ಜ್ಞಾನೇಶ್ ಬಾಗಿಲು ತೆಗೆದ. ಅಟ್ಟದ ಕೆಳಗೆ ಕೆಂಡವಿಲ್ಲ, ಬೂದಿಯಿಲ್ಲ. ಹೊಗೆ ಹಾಕುತ್ತಿದ್ದ ಜಾಗದಲ್ಲಿ ಜೇಡ ಬಲೆ ಕಟ್ಟಿತ್ತು.

“ಹಂಗಾರೆ ದೀಪ ಸುಳ್ಳು ಹೇಳ್ತದಾ?” ತಿಲಕ್ ಅರಚಿದ.

“ಸುಳ್ಳು ಹೇಳಲ್ಲ ಬಾವ.” ನಯನ ಮುಂದೆ ಬಂದಳು. “ಕಟ್ಟಿದ ದಿನದಿಂದ ಸಂಜೆಯಾದ್ರೆ ಕೆಂಪು. ನಂಗೂ ಜ್ಞಾನೇಶಣ್ಣನ ಮೇಲೇ ಅನುಮಾನ. ಹೊಗೆ ಎಲ್ಲಿಂದ ಬತ್ತದೆ ಅಂತ ಹುಡುಕೋಕೇ ದಿನಾ ಬತ್ತಿದ್ದೆ. ಇಲ್ದಿದ್ರೆ ಈ ತೋಟದಾಗೆ ನಂಗೇನು ಕೆಲ್ಸ? ಗುರುವಾರ ಒಂದಿನ ಮಾತ್ರ ಹಸಿರಾಗೇ ಇತ್ತು. ಅವತ್ತು ಸಂಜೆ ನೀನೆಲ್ಲಿದ್ದೆ?”

“ನಾನಾ? ಹುಳಿಯಾರು ಸಂತೇಲಿ,” ಎಂದುಬಿಟ್ಟ.

ನಯನ ಹೊಂಗೆ ಮರದ ಹಿಂದೆ ಹೋಗಿ, ಬಗ್ಗಿ, ಎದ್ದು ಬಂದಳು. ಅವನ ಮಸಿ ಹತ್ತಿದ ಅಂಗೈ ಬಿಡಿಸಿ ಹಿಡಿದು ಅದರಲ್ಲಿ ಒಂದು ಹಿಡಿ ಬೀಡಿ ತುಂಡು ಸುರಿದಳು.

“ಗೌರಿಹಬ್ಬದ ಗಂಟ ಯಾಕೆ ಬಾವ, ಈಗ್ಲೇ ಹೇಳ್ಬುಡ್ಲಾ?”

ಮುಷ್ಟಿ ಬಿಗಿದುಕೊಂಡು ತಿಲಕ್ ಬೇಲಿ ದಾಟಿ ನಡೆದುಹೋದ.